ಆಕಾಶನೌಕೆಯಲ್ಲಿ ಮರೆತ ಬಳೆ

ಮೊನ್ನೆ ಟ್ರಂಕು ಬಿಸಿಲಿಗಿಟ್ಟಾಗ ಅದರ ತಳದಲ್ಲಿ ನಮ್ಮ ಮೊದಲ ಟೀವಿಯ ಹೊದಿಕೆ ಸಿಕ್ಕಿತು. ಟೀವಿ ಯಾವ ಗುಜರಿಗೆ ಹೋಯಿತೋ ನೆನಪಿಲ್ಲ, ಹೊದಿಕೆ ಮಾತ್ರ ಉಳಿದಿದೆ. ಬಿಳಿ ದಾರದ ಕ್ರೋಷಾ ಕೆಲಸ, ಈಗ ಕಾಸಿದ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿದೆ. ಇಂದಿನ ಟೀವಿಗಳು ಗೋಡೆಗೆ ಅಂಟಿಕೊಂಡ ಹಲಗೆಗಳು. ಅವಕ್ಕೆ ತಲೆಯೇ ಇಲ್ಲವೆಂದ ಮೇಲೆ ಟೋಪಿಯ ಮಾತೆಲ್ಲಿ? ಆ ಕಾಲದ ಟೀವಿಗೆ ತಲೆಯಿತ್ತು, ಬೆನ್ನಿತ್ತು, ಸಾಕಷ್ಟು ಹೊಟ್ಟೆಯೂ ಇತ್ತು. ಮನೆಗೆ ಬಂದ ಹೊಸ ಸೊಸೆಯಂತೆ ಸೆರಗು ಹೊದ್ದು ಕೂರುವುದು ಅದರ ಮರ್ಯಾದೆಯಾಗಿತ್ತು. ಆ ಸೆರಗನ್ನು ಹೆಣೆದವಳು ನನ್ನ ಚಿಗವ್ವ, ಅಂದರೆ ನನ್ನವ್ವನ ತಂಗಿ, ಗೌರವ್ವ. ಟೇಬಲ್ ಫ್ಯಾನಿನ ಗಾಳಿಗೆ ಹಾರದಿರಲೆಂದು ನಾಲ್ಕು ಮೂಲೆಗೂ ಒಂದೊಂದು ಕುಣಿಕೆ ಹಾಕಿ, ಕುಣಿಕೆಗೊಂದರಂತೆ ಹಸಿರು ಗಾಜಿನ ಬಳೆ ಕಟ್ಟಿದ್ದಳು.

ಆ ಬಳೆಗಳು ಹೊದಿಕೆಗೆಂದು ಕೊಂಡವಲ್ಲ. ಬಳೆ ಮಾರುವ ಹುಸೇನಬಿ ನಮ್ಮ ಓಣಿಗೆ ಬಂದಾಗ, ಅವಳ ಮಲಾರದ ಗಂಟಿನಿಂದ ಬಳೆ ಆರಿಸುವ ಅಧಿಕಾರವೆಲ್ಲ ಚಿಗವ್ವನದು. ಓಣಿಯ ಹೆಂಗಸರ ಕೈಯಳತೆಯೆಲ್ಲ ಅವಳಿಗೆ ಬಾಯಿಪಾಠ. ಯಾರ ಹೆಬ್ಬೆರಳ ಬುಡ ಗಟ್ಟಿ, ಯಾರ ಕೈ ಬೆಣ್ಣೆ, ಯಾರಿಗೆ ಬಳೆ ಏರಿಸುವಾಗ ಮಾತಿಗೆಳೆದು ಮೈಮರೆಸಬೇಕು ಎಂಬುದನ್ನೆಲ್ಲ ಬಲ್ಲವಳು. ಹಾಗಿದ್ದೂ ಒಂದು ಸಲ ನನಗೆಂದು ಕೊಂಡ ಹಸಿರು ಬಳೆಗಳಲ್ಲಿ ನಾಲ್ಕು ನನ್ನ ಗೆಣ್ಣನ್ನೇ ದಾಟಲಿಲ್ಲ. 'ಹೋಗ್ಲಿ ಬಿಡು, ನಿನ್ನ ಟೀವಿ ಕೈಗೆ ಹಾಕೋಣು' ಎಂದು ನಕ್ಕು ಅವನ್ನು ಹೊದಿಕೆಗೆ ಕಟ್ಟಿದಳು. ಎಲ್ಲರ ಕೈ ತುಂಬಿಸಿದ ಅವಳ ಕೈ ಮಾತ್ರ ಬರಿದು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಗಂಡ ಹಾವು ಕಚ್ಚಿ ಹೋದ ದಿನ ಒಡೆದ ಬಳೆ, ಮತ್ತೆ ಏರಿರಲಿಲ್ಲ. ಅವನ ಜವಾನಿಕೆಯ ಕೆಲಸ ಅವಳಿಗೆ ಬಂದು, ಯಲಬುರ್ಗಾದ ಕಚೇರಿಯೊಂದರಲ್ಲಿ ಹದಿನೆಂಟು ವರ್ಷದಿಂದ ಆ ಬರಿಗೈಯಲ್ಲೇ ಕಡತ ಹೊರುತ್ತಿದ್ದಳು. ಹುಸೇನಬಿಯ ಮಲಾರ ಬಿಚ್ಚಿದಾಗ ಅವಳ ಮುಖ ಅರಳುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ಆದರೆ ಹಾಕಿಕೋ ಎನ್ನುವ ಧೈರ್ಯ, ಮಕ್ಕಳಿಗೆ ದಿನವಿಡೀ ಧೈರ್ಯದ ಪಾಠ ಹೇಳುವ ಸಾಲಿ ಟೀಚರಾದ ನನಗೂ ಇರಲಿಲ್ಲ.

ಈಗ ಟೀವಿಯ ಮಾತಿಗೆ ಬರೋಣ. ಎಂಬತ್ತರ ದಶಕದ ನಡುವೆ, ನನ್ನ ಮತ್ತು ಇವರ ಸಂಬಳ ಸೇರಿ ಆ ಕಪ್ಪು-ಬಿಳುಪಿನ ಪೆಟ್ಟಿಗೆ ಕೊಪ್ಪಳದಿಂದ ಬಸ್ಸಿನ ನೆತ್ತಿಯ ಮೇಲೆ ಕೂತು ಬಂತು. ಭಾನುವಾರ ಬೆಳಿಗ್ಗೆ ಒಂದು ಹಿಂದಿ ಧಾರಾವಾಹಿ. ದೂರದ ಗ್ರಹವೊಂದಕ್ಕೆ ಹೊರಟ ಆಕಾಶನೌಕೆ, ಅದರ ಕಪ್ತಾನ, ಅದೇ ನೌಕೆಯಲ್ಲಿ ಡಾಕ್ಟರಾಗಿರುವ ಅವನ ಹೆಂಡತಿ. ಎರಡು ಓಣಿ ಆಚೆ ನನ್ನ ತಮ್ಮನ ಮನೆಯಲ್ಲಿದ್ದ ಅವ್ವ, ಚಿಗವ್ವ ಇಬ್ಬರೂ ರೊಟ್ಟಿ ಬಡಿದಿಟ್ಟು ಹಾಜರಾಗುತ್ತಿದ್ದರು. ನಿಜಾಮನ ಸೀಮೆಯವರಾದ್ದರಿಂದ ಹಿಂದಿ ಅರ್ಧ ತಿಳಿಯುತ್ತಿತ್ತು; ಉಳಿದರ್ಧ ಯಾರಿಗೂ ತಿಳಿಯದ ವಿಜ್ಞಾನ, ಹೀಗಾಗಿ ಎಲ್ಲರೂ ಸಮ.

ನಮ್ಮವರು ಹೊಲ ಅಳೆಯುವ ಮೋಜಣಿ ಇಲಾಖೆಯವರು. ಎರೆಹೊಲದ ಬದುವಿನಲ್ಲಿ ಸರಪಳಿ ಎಳೆದು ಎಳೆದು, ಅಳೆಯದೆ ಏನನ್ನೂ ನಂಬದ ಸ್ವಭಾವ ಅವರದು. ಮೊದಲ ವಾರವೇ ಕಪ್ತಾನನ ಹೆಜ್ಜೆ ಎಣಿಸಿ, ನೌಕೆಯ ಪಡಸಾಲೆ ಹನ್ನೆರಡು ಅಡಿಗಿಂತ ಹೆಚ್ಚಿಲ್ಲವೆಂದೂ, ಅವನು ಎಷ್ಟು ದೂರ ಓಡಿದರೂ ಅದೇ ಹನ್ನೆರಡು ಅಡಿಯಲ್ಲಿ ಹೋಗಿ ಬರುತ್ತಿದ್ದಾನೆಂದೂ ತೀರ್ಪು ಕೊಟ್ಟರು. ಆಮೇಲೆ ಒಂದು ನೋಟುಬುಕ್ಕು ಹುಟ್ಟಿತು. ಕಪ್ತಾನನ ಬಲಗೆನ್ನೆಯ ಗಾಯ ಮರುಕ್ಷಣ ಎಡಗೆನ್ನೆಗೆ ಬಂದದ್ದು, ಗೋಡೆಯ ಗಡಿಯಾರ ಮೂರು ವಾರದಿಂದ ಹತ್ತು ಗಂಟೆ ಹತ್ತು ನಿಮಿಷದಲ್ಲೇ ನಿಂತದ್ದು, ಕಿಟಕಿಯಾಚೆಯ ಆಕಾಶಕ್ಕೆ ಇಸ್ತ್ರಿ ಕಾಣದ ಬಟ್ಟೆಯಂತೆ ಒಂದು ಮಡಿಕೆ ಬಿದ್ದದ್ದು, ಎಲ್ಲವೂ ಅದರಲ್ಲಿ ದಾಖಲಾದವು. ಯಾರಿಗೆ ಕಳಿಸಲೂ ಅಲ್ಲ. ಕಂಡ ತಪ್ಪನ್ನು ಬರೆಯದೆ ಬಿಟ್ಟರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ, ಅಷ್ಟೆ.

ಚಿಗವ್ವನ ಕಣ್ಣು ಬೇರೆ. ತಪ್ಪಿಗಿಂತ ಅವಳಿಗೆ ಸಾಮಾನು ಕಾಣುತ್ತಿತ್ತು. ನೌಕೆಯ ಸೂರಿನ ದೀಪಗಳು ಇಡ್ಲಿ ತಟ್ಟೆಗಳೆಂದು, ಕಪ್ತಾನನ ಸಿಂಹಾಸನ ಕ್ಷೌರದಂಗಡಿಯ ಕುರ್ಚಿಯೆಂದು ಮೊದಲು ಗುರುತಿಸಿದವಳು ಅವಳೇ. ಹತ್ತಿರ ಹೋದೊಡನೆ ತಾನಾಗಿ ಸರಿಯುವ ಬಾಗಿಲನ್ನು ನಾನು ಬೆರಗಾಗಿ ನೋಡುತ್ತಿದ್ದರೆ, 'ಬಾಗಿಲ ತಾನ ತೆರಿಯೂದಿಲ್ಲವಾ, ಹಿಂದ ಯಾರೋ ಎಳೀತಾರ' ಎಂದಳು. ಎರಡು ವಾರದ ಮೇಲೆ ಬಾಗಿಲ ಅಂಚಿನಲ್ಲಿ ನಾಲ್ಕು ಬೆರಳು ಕಂಡವು. ಇವರು ಗೌರವದಿಂದ ಬರೆದುಕೊಂಡರು. ಇಡ್ಲಿ ತಟ್ಟೆಯೆಂದು ತಿಳಿದ ಮೇಲೆ ನಮಗೆ ಆ ನೌಕೆ ಸಣ್ಣದೇನೂ ಆಗಲಿಲ್ಲ. ನಮ್ಮ ಅಡುಗೆಮನೆಯ ಪಾತ್ರೆಯೊಂದು ನಕ್ಷತ್ರಗಳ ನಡುವೆ ಹೊರಟಿದೆಯಲ್ಲ ಎಂಬ ಹಿಗ್ಗೇ ಹೆಚ್ಚಾಯಿತು.

ಹೀಗಿರುವಾಗ ಒಂದು ಭಾನುವಾರ ನೌಕೆಯ ಹೊರಮೈ ಕೆಟ್ಟಿತು. ಕಪ್ತಾನ ಹಗ್ಗ ಕಟ್ಟಿಕೊಂಡು ಹೊರಗಿಳಿದ. ಹೆಂಡತಿ ಕಿಟಕಿಗೆ ಕೈಯಾನಿಸಿ ನಿಂತಳು. ಮುಂಗೈ ತುಂಬ ಗಾಜಿನ ಬಳೆ. ಹಗ್ಗ ಹರಿಯಿತು. ಅವಳ ಮುಖ, ಆಮೇಲೆ ಕಿಟಕಿಯ ಮೇಲೆ ಅವಳ ಕೈ. ಆ ಕೈಯಲ್ಲಿ ಒಂದು ಬಳೆಯೂ ಇರಲಿಲ್ಲ. ಅಲ್ಲಿಗೆ ಆ ವಾರದ ಕಥೆ ಮುಗಿಯಿತು.

'ಹೋದ' ಎಂದಳು ಅವ್ವ.

ಚಿಗವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು. 'ಇಷ್ಟ ಲಗೂನ ತಗಸಿಬಿಟ್ರಲ್ಲ. ಆಕೀಗೆ ಅಳಾಕರ ಬಿಡಬೇಕಿತ್ತು.'

ನೀವು ನಗಬೇಡಿ. ಕಪ್ತಾನ ಸತ್ತನೆಂದು ನಮಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. ನಮ್ಮ ಸೀಮೆಯಲ್ಲಿ ಆ ಸುದ್ದಿ ಮೊದಲು ಬರುವುದೇ ಮುಂಗೈಯ ಮೇಲೆ. ಸೋಮವಾರ ಬೋರಿನ ನೀರಿಗೆ ನಿಂತವರಿಗೆಲ್ಲ ವಿಷಯ ತಿಳಿಯಿತು. ಟೀವಿಯನ್ನೇ ಕಾಣದ ಮುದುಕಿಯೊಬ್ಬಳು, ಪಾಪ ಮಕ್ಕಳಿದ್ದವೋ ಇಲ್ಲವೋ ಎಂದು ವಿಚಾರಿಸಿದಳು. ಚಿಗವ್ವ ವಾರವೆಲ್ಲ ಊಟ ಸರಿಯಾಗಿ ಮಾಡಲಿಲ್ಲ.

ಮುಂದಿನ ಭಾನುವಾರ ಧಾರಾವಾಹಿ ಶುರುವಾದಾಗ ಕಪ್ತಾನ ಕ್ಷೌರದ ಕುರ್ಚಿಯಲ್ಲಿ ಕೂತು ನೀರು ಕುಡಿಯುತ್ತಿದ್ದ. ಪಕ್ಕದಲ್ಲಿ ಹೆಂಡತಿ, ಕೈತುಂಬ ಅವೇ ಬಳೆ. ಅವ್ವ ಸಿಟ್ಟಾದಳು, ಒಂದು ವಾರದ ದುಃಖವನ್ನು ಪುಕ್ಕಟೆ ವಸೂಲು ಮಾಡಿದರೆಂಬ ಸಿಟ್ಟು. ಇವರು ಮಾತ್ರ ಬಳೆಯ ಈ ತಪ್ಪನ್ನು ಹೋದ ವಾರವೇ ಬರೆದಿಟ್ಟುಕೊಂಡಿದ್ದರು. ನಾವು ಅಳುತ್ತಿದ್ದುದನ್ನು ಕಂಡು ಹೇಳಲು ಬಾಯಿ ಬರಲಿಲ್ಲವಂತೆ.

'ಇದನ್ನೆಲ್ಲಾ ಒಂದ ದಿನದಾಗ ತಗದಿರೂದಿಲ್ರಿ ಅತ್ತಿ' ಎಂದು ಚಿಗವ್ವನಿಗೆ ವಿವರಿಸಿದರು. 'ಕಿಟಕಿ ಮುಂದ ನಿಂತದ್ದು ಒಂದ ದಿನ, ಬರೇ ಕೈ ತೋರ್ಸಿದ್ದು ಇನ್ನೊಂದ ದಿನ. ನಡುವ ಬಳಿ ತಗದು ಎಲ್ಲೋ ಇಟ್ಟಿರ್ತಾಳ. ತಿರುಗಿ ಹಾಕ್ಕೊಳ್ಳೋದು ಮರ್ತಾಳ, ಅಷ್ಟ.'

'ಗಂಡ ಸತ್ತ ಅಂತ ತಗದದ್ದಲ್ಲ?'

'ಅಲ್ರಿ. ಮರವು.'

ಚಿಗವ್ವ ಟೀವಿಯ ಕಡೆ ತಿರುಗಿದಳು. 'ಯಾರೂ ಆಕೀಗೆ ನೆನಪ ಮಾಡಲಿಲ್ಲೇನು, ಅಳಿಯಾರ?'

'ನೆನಪ ಮಾಡಾಕಂತನ ಒಬ್ಬರು ಇರ್ತಾರಂತ. ಯಾರ ಮೈಮ್ಯಾಲ ಏನೈತಿ ಅಂತ ಬರಕೋಳೂದ ಅವರ ಕೆಲಸ. ಅವರೂ ಮರ್ತಾರ.'

ಆ ಕೆಲಸದವರ ಬಗ್ಗೆ ನಾನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ನಿನ್ನೆ ಇದ್ದದ್ದು ಇಂದೂ ಇದ್ದಲ್ಲಿಯೇ ಇರಬೇಕು, ಲೋಟದ ನೀರು ಏರಬಾರದು, ಗಾಯ ಗಲ್ಲ ಬದಲಿಸಬಾರದು ಎಂದು ಕಾಯುತ್ತ ಕೂರುವ ಆ ಮನುಷ್ಯನಿಗೆ ಸಂಬಳವಾದರೂ ಉಂಟು. ನಮ್ಮೂರುಗಳಲ್ಲಿ ಈ ಉದ್ಯೋಗವನ್ನು ಊರಿಗೆ ಊರೇ ಬಿಟ್ಟಿ ಮಾಡುತ್ತದೆ. ಯಾರ ಹಣೆಯಲ್ಲಿ ಏನಿದೆ, ಯಾರ ಮುಡಿಯಲ್ಲಿ ಹೂವಿದೆ, ಹದಿನೆಂಟು ವರ್ಷದ ಹಿಂದೆ ಬರಿದಾದ ಕೈ ಇವತ್ತಿಗೂ ಬರಿದಾಗಿಯೇ ಇದೆಯೇ ಎಂದು ಕಟ್ಟೆಯ ಮೇಲೆ ಕೂತವರೆಲ್ಲ ಕಣ್ಣಲ್ಲೇ ಬರೆದುಕೊಳ್ಳುತ್ತಾರೆ. ಕೆಟ್ಟವರೆಂದಲ್ಲ. ನನ್ನವ್ವನೂ ಅವರಲ್ಲೊಬ್ಬಳು, ತಂಗಿಯ ಮೇಲೆ ಜೀವವಿಟ್ಟವಳು. ನನಗೆ ಆಗ ಹೊಳೆದಿರದ ಒಂದು ಮಾತು ಚಿಗವ್ವನಿಗೆ ಹೊಳೆದಿತ್ತು: ಕಾಯುವವರೂ ಮರೆಯುತ್ತಾರೆ, ಮರೆತರೆ ನೌಕೆಯೇನೂ ಬೀಳುವುದಿಲ್ಲ.

ಮರೆವಿನ ಮಾತು ಬಂತೆಂದು ಹೇಳುತ್ತೇನೆ. ಇಟಗಿಯ ಗುಡಿಗೆ ಶಾಲೆಯ ಹುಡುಗಿಯರನ್ನು ಕರೆದುಕೊಂಡು ಹೋದಾಗ, ಕಲ್ಲಿನ ಬಳ್ಳಿಯೊಂದರಲ್ಲಿ ಒಂದೇ ಒಂದು ಎಲೆ ಬರೀ ಗೆರೆಯಾಗಿ ಉಳಿದದ್ದನ್ನು ನಾನು ಕಂಡೆ, ಅಥವಾ ಕಂಡೆನೆಂದು ನೆನೆಯುತ್ತೇನೆ. ಊಟಕ್ಕೆ ಕರೆ ಬಂತೋ, ಉಳಿ ಮೊಂಡಾಯಿತೋ, ಆ ಶಿಲ್ಪಿ ಎದ್ದು ಹೋದವನು ಮತ್ತೆ ಆ ಎಲೆಗೆ ಬರಲಿಲ್ಲ. ಇಷ್ಟು ಶತಮಾನ ಯಾರಿಗೂ ಅದರಿಂದ ತೊಂದರೆಯಾಗಿಲ್ಲ. ಇವರು ಜೊತೆಗಿದ್ದರೆ ಬರೆದುಕೊಳ್ಳುತ್ತಿದ್ದರೇನೋ.

ಅದರ ಮುಂದಿನ ಭಾನುವಾರ ನಾನು ಎಂದಿನಂತೆ ಟೀವಿಯ ಹೊದಿಕೆ ತೆಗೆಯಲು ಹೋದೆ. ಫ್ಯಾನಿನ ಗಾಳಿಗೆ ಅದರ ಒಂದು ಬದಿ ಮೇಲೆದ್ದು ಪಟಪಟ ಹೊಡೆದುಕೊಳ್ಳುತ್ತಿತ್ತು. ನೋಡುತ್ತೇನೆ, ಎರಡು ಮೂಲೆಯಲ್ಲಿ ಬಳೆಯಿಲ್ಲ. ಹಿಂದಿನ ಸಂಜೆ ಚಿಗವ್ವ ಬಂದು, ಹೊದಿಕೆಗೆ ಒಂದೆರಡು ಹೊಲಿಗೆ ಹಾಕಬೇಕೆಂದು ಅದರ ಮುಂದೆ ಕೂತಿದ್ದು ನೆನಪಾಯಿತು. ಇವರು ನೋಟುಬುಕ್ಕು ತೆರೆದು ಪೆನ್ನಿನ ಟೊಪ್ಪಿಗೆ ತೆಗೆದು ತಾರೀಖು ಬರೆದವರು, ಮೂಲೆಗಳನ್ನು ನೋಡಿದರು. ಹೋದ ವಾರ ನಾಲ್ಕು, ಈ ವಾರ ಎರಡು. ಆ ಕಣ್ಣಿಗೆ ತಪ್ಪಿಸಿಕೊಂಡದ್ದು ಯಾವುದಿದೆ? ನಾನು ಹೊದಿಕೆ ಮಡಿಸಿಟ್ಟು ಟೀವಿ ಹಾಕುವಷ್ಟರಲ್ಲಿ ಚಿಗವ್ವ ಒಳಗೆ ಬಂದಳು. ಒಂದೊಂದು ಕೈಯಲ್ಲಿ ಒಂದೊಂದು ಹಸಿರು ಬಳೆ. ಅಳತೆ ಮಾಡಿ ಕೊಂಡಂತೆ ಕೂತಿದ್ದವು.

ಅಳತೆ ಮಾಡಿಯೇ ಕೊಂಡಿದ್ದಳು. ಓಣಿಯ ಕೈಗಳನ್ನೆಲ್ಲ ಬಲ್ಲವಳು ನನ್ನ ಕೈಯಳತೆಯನ್ನು ತಪ್ಪಿದ್ದು ಯಾಕೆಂದು ನನಗೆ ಆ ಕ್ಷಣ ತಿಳಿಯಿತು. ಹಾಕಿಕೊಳ್ಳಲಾಗದ್ದನ್ನು ಕಣ್ಣೆದುರಾದರೂ ಇರಲೆಂದು ವರ್ಷಕಾಲ ನಮ್ಮ ಟೀವಿಯ ಮೇಲೆ ಇಟ್ಟಿದ್ದಳು.

ಮೊದಲೇ ಬಂದು ಕೂತಿದ್ದ ಅವ್ವ ನೋಡಿದಳು. 'ಕೈಯಾಗ ಏನ ಗೌರಾ ಅದು?'

'ಬಳಿ, ಯಕ್ಕಾ.'

'ಅದು ಕಾಣತೈತಿ. ಇಷ್ಟ ವರ್ಷ ಇಲ್ಲದ್ದು ಈಗ ಯಾಕ?'

'ಹಾಕ್ಕೊಳ್ಳೋದು ಮರ್ತಿದ್ನಿ' ಎಂದಳು ಚಿಗವ್ವ.

ನಾನು ಇವರ ಕಡೆ ನೋಡಿದೆ. ಇವರು ಪೆನ್ನಿನ ಟೊಪ್ಪಿಗೆ ಹಾಕಿ, ನೋಟುಬುಕ್ಕು ಮುಚ್ಚಿ, ಆಂಟೆನಾ ತಿರುವಿ ಬರುತ್ತೇನೆಂದು ಮಾಳಿಗೆ ಹತ್ತಿದರು. ಚಿತ್ರ ಸ್ವಚ್ಛವಾಗಿಯೇ ಬರುತ್ತಿತ್ತು.

'ಊರು ಏನಂದೀತು?' ಎಂದಳು ಅವ್ವ.

'ಊರಿಗೂ ಇದನ್ನ ಹೇಳ್ತೀನಿ.'

ಆ ದಿನದ ಕಥೆ ಏನಾಯಿತೆಂದು ನನಗೆ ನೆನಪಿಲ್ಲ. ಗ್ರಹ ಸಿಕ್ಕಿರಬೇಕು, ಅಥವಾ ತಪ್ಪಿರಬೇಕು. ಅವ್ವ ಪರದೆಯನ್ನು ನೋಡಲಿಲ್ಲ, ತಂಗಿಯ ಮುಂಗೈಯನ್ನು ನೋಡುತ್ತ ಕೂತಿದ್ದಳು. ಹದಿನೆಂಟು ವರ್ಷದ ಹಿಂದೆ ಆ ಕೈ ಹಿಡಿದು ಬಳೆ ಒಡೆಸಿದವಳು ಅವಳೇ. ಅಕ್ಕನ ಕೆಲಸ ಅದು, ಯಾರೋ ಮಾಡಲೇಬೇಕಿತ್ತು. ಧಾರಾವಾಹಿ ಮುಗಿದ ಮೇಲೆ ಎದ್ದು, ಮಡಿಸಿಟ್ಟ ಹೊದಿಕೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಉಳಿದೆರಡು ಕುಣಿಕೆಗಳ ಗಂಟನ್ನು ಹಲ್ಲಿನಿಂದ ಬಿಚ್ಚಿದಳು.

'ಕೈ ತಾ ಇಲ್ಲೆ. ಒಂಟಿ ಬಳಿ ಸಪ್ಪಳ ಮಾಡೂದಿಲ್ಲ' ಎಂದು ತಂಗಿಯ ಕೈಯನ್ನು ತನ್ನ ಕೈಯಲ್ಲಿ ಒತ್ತಿ, ಮೆಲ್ಲಗೆ ಒಂದೊಂದಾಗಿ ಏರಿಸಿದಳು. ಚಿಗವ್ವನನ್ನು ಮಾತಿಗೆಳೆದು ಮೈಮರೆಸುವ ಅಗತ್ಯ ಬೀಳಲಿಲ್ಲ.

ಸೋಮವಾರ ಕಚೇರಿಯಲ್ಲಿ ಕೇಳಿದವರಿಗೂ, ಬೋರಿನ ಹತ್ತಿರ ಕೇಳಿದವರಿಗೂ ಅದೇ ಉತ್ತರ ಹೋಯಿತು. ಕೆಲವರು ಮೂಗು ಮುರಿದರು. ಎರಡು ತಿಂಗಳು ಕಟ್ಟೆಯ ಮೇಲೆ ಅದೇ ಮಾತಾಗಿ, ಆಮೇಲೆ ಅವರಿಗೂ ಮರೆಯಿತು. ಹುಸೇನಬಿ ಮಾತ್ರ ಏನೂ ಕೇಳಲಿಲ್ಲ. ಮುಂದಿನ ಸಲ ಬಂದಾಗ ಮಲಾರ ಬಿಚ್ಚುತ್ತ, ಮೊದಲು ಯಾರ ಕೈ ಎಂದು ಕೇಳುವ ಬದಲು ನೇರ ಚಿಗವ್ವನ ಮುಂದೆ ಕೂತಳು.

ಬಳೆಯಿಲ್ಲದ ಹೊದಿಕೆ ಫ್ಯಾನು ಹಾಕಿದಾಗಲೆಲ್ಲ ಹಾರುತ್ತಿತ್ತು. ಇವರು ಅದರ ಮೇಲೆ ತಮ್ಮ ನೋಟುಬುಕ್ಕನ್ನೇ ಭಾರವಾಗಿ ಇಟ್ಟರು. ಅದೂ ಈ ಟ್ರಂಕಿನಲ್ಲೇ ಸಿಕ್ಕಿತು. ಗಡಿಯಾರ, ಗಾಯ, ಆಕಾಶದ ಮಡಿಕೆ, ಬಾಗಿಲಿನ ಬೆರಳು ಎಲ್ಲ ಇವೆ, ಮೋಜಣಿಯವರ ಅಚ್ಚುಕಟ್ಟು ಅಕ್ಷರದಲ್ಲಿ. ಚಿಗವ್ವ ಬಳೆ ಹಾಕಿಕೊಂಡು ಬಂದ ಭಾನುವಾರದ ಹಾಳೆಯ ನೆತ್ತಿಯಲ್ಲಿ ತಾರೀಖು ಮಾತ್ರ ಇದೆ, ಕೆಳಗೆ ಏನೂ ಬರೆದಿಲ್ಲ. ನಾನು ಹೊದಿಕೆಯನ್ನು ಬಿಸಿಲಲ್ಲಿ ಹರವಿ, ನಾಲ್ಕು ಕುಣಿಕೆಗಳನ್ನೂ ಮುಟ್ಟಿ ನೋಡಿದೆ. ನಾಲ್ಕೂ ಖಾಲಿ ಇದ್ದವು.