ಗೌಸಸಾಬರು ಬಿಚ್ಚಿದ ಕೆಂಪು ಕಲ್ಲು

"ಉಂಗುರ ಮಾಡೋ ಗೌಸಸಾಬಗ ಒಂದು ಕೈ ಬೇಕಾಗೇತಂತ," ಎಂದು ನಮ್ಮ ಯಜಮಾನರು ಮುದಕಪ್ಪನವರು ಮಗ್ಗದಿಂದ ಎದ್ದು ಬಂದು ಹೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ.

"ಕಡದು ಕೊಡ್ಲೇನು?" ಅಂದೆ.

"ಕಡದ್ರ ರೊಟ್ಟಿ ಯಾರು ಬಡೀತಾರ? ಬೆರಳಿಗೆ ಉಂಗುರ ಇಟ್ಟು ಫೋಟೋ ತಗೀತಾನಂತ."

ಅದು ಎಪ್ಪತ್ನಾಲ್ಕನೇ ಇಸವಿ. ಗೌಸಸಾಬರು ಲಕ್ಷ್ಮೇಶ್ವರ ಬಿಟ್ಟು ಬೆಟಗೇರಿಗೆ ಬಂದು ನಮ್ಮ ಹಿಂದಿನ ಓಣಿಯಲ್ಲಿ ಮನೆ ಹಿಡಿದಿದ್ದರು. ಬೆಳ್ಳಿಯ ಉಂಗುರಕ್ಕೆ ಕಲ್ಲು ಕೂರಿಸುವುದು ಅವರ ಕಸಬು. ಒಂದರಂತೆ ಇನ್ನೊಂದು ಮಾಡುತ್ತಿರಲಿಲ್ಲ. ಮಾರಿದ ಮೇಲೆ ತೋರಿಸಲು ಏನೂ ಉಳಿಯುವುದಿಲ್ಲವೆಂದು ಹಳೆಯದೊಂದು ಕ್ಯಾಮೆರಾ ಕೊಂಡಿದ್ದರು. ಆ ಫೋಟೋಗಳನ್ನು ಶಿರಹಟ್ಟಿ, ಮುಂಡರಗಿ ಸಂತೆಗೆ ಒಯ್ದು ತೋರಿಸಿದರೆ ಹೊಸ ಕೆಲಸ ಬರುತ್ತಿತ್ತು. ಅವರ ಹೆಂಡತಿ ಫಕೀರಬಿ ಬೆಸುಗೆಯ ಬೆಂಕಿಗೆ ಊದುಗೊಳವೆ ಊದುವವಳು. ಅವಳ ಬೆರಳ ತುಂಬ ಸುಟ್ಟ ಗುರುತು. ಅದಕ್ಕೇ ನನ್ನ ಕೈ.

ಬೆಳಗಿನ ಬಿಸಿಲು ಅವರ ಅಂಗಳಕ್ಕೆ ಇಳಿಯುವ ಹೊತ್ತಿಗೆ ಹೋಗುತ್ತಿದ್ದೆ. ನೇರ ಬಿಸಿಲಿಗೆ ಕಲ್ಲು ಬೆಳ್ಳಗೆ ಹೊಳೆದು ಚಿತ್ರ ಕೆಡುತ್ತದೆಂದು ಫಕೀರಬಿ ತೆಳು ಧೋತರವನ್ನು ಅಡ್ಡ ಹಿಡಿದು ನಿಲ್ಲುತ್ತಿದ್ದಳು.

"ಉಸಿರು ಬಿಡಬ್ಯಾಡ ತಂಗಿ," ಎನ್ನುವರು ಸಾಬರು.

"ಇನ್ನೊಂದೀಟು ತಡದ್ರ ಆಕಿ ಜೀವಾನ ಬಿಡತಾಳ," ಎನ್ನುವಳು ಫಕೀರಬಿ.

ಎಪ್ಪತ್ತೇಳರಲ್ಲಿ ಕೊಟ್ರಪ್ಪ ಸಾವಕಾರ ತನ್ನ ತಾಯಿಯ ಉಂಗುರ ತಂದುಕೊಟ್ಟ. ದಾಳಿಂಬೆ ಬೀಜದಂಥ ಕೆಂಪು ಕಲ್ಲು. ಕಲ್ಲು ಮೈಗೆ ತಾಗಬೇಕೆಂದು ಜೋಯಿಸರು ಹೇಳಿದ್ದರಂತೆ. ಹಾಗಾಗಿ ತಳ ತೆರೆದ ಹೊಸ ಉಂಗುರಕ್ಕೆ ಕೂರಿಸಬೇಕಿತ್ತು. ಪರರ ಕಲ್ಲನ್ನು ಒಡೆಯನ ಕಣ್ಣ ಮುಂದೆಯೇ ಬಿಚ್ಚಬೇಕೆಂಬುದು ಆ ಕಸಬಿನ ಕಟ್ಟಳೆ. ಅವತ್ತು ಸಾವಕಾರ ಬರುವುದು ತಡವಾಯಿತು. ನನ್ನ ಬೆರಳಲ್ಲಿಟ್ಟು ಹಳೆಯ ಉಂಗುರದ ಫೋಟೋ ತೆಗೆದಾಗಿತ್ತು, ಫಕೀರಬಿ ನೀರಿಗೆ ಹೋಗಿದ್ದಳು. ಬರೀ ಕಲ್ಲಿನದೊಂದು ಫೋಟೋ ತೆಗೆಯುವುದು ಉಳಿದಿತ್ತು. ಬಿಸಿಲು ಅಂಗಳ ದಾಟುತ್ತಿತ್ತು. ಸಾಬರು ತಾಳಲಿಲ್ಲ, ಬಿಚ್ಚಿಬಿಟ್ಟರು.

ಕಲ್ಲಿನ ಬೆನ್ನಿಗೆ ಯಾವ ಕಾಲದಲ್ಲೋ ಕೆಂಪು ಬಣ್ಣದ ತೆಳು ತಗಡು ಇಟ್ಟಿದ್ದರು. ಅದು ಬೂದಿಯಂತೆ ಉದುರಿಹೋಯಿತು. ನನ್ನ ಅಂಗೈಯಲ್ಲಿ ಉಳಿದದ್ದು ನೀರು ಕೂಡಿಸಿದ ಕುಂಕುಮದ ಬಣ್ಣದ ಕಲ್ಲು.

"ನೋಡಿದ್ಯಲ್ಲ ತಂಗಿ?" ಎಂದರು. ನೋಡಿದ್ದೆ.

ಸಾವಕಾರ ಬಂದು, "ಏನಲೇ ಗೌಸ್ಯಾ, ನಮ್ಮವ್ವನ ಕಲ್ಲು ಎಲ್ಲಿ?" ಎಂದ.

"ಇದ ಐತ್ರಿ ಅದು. ಕೆಂಪು ಹಿಂದಿನ ತಗಡಿಂದು."

"ತಗಡು ಎಲ್ಲೈತಿ ತೋರ್ಸು."

ಸಾಬರು ಗದಗಿಗೆ ಹೋಗಿ ಫೋಟೋ ತೊಳೆಸಿ ತಂದರು. ಕಪ್ಪು-ಬಿಳುಪಿನ ಚಿತ್ರ. ಒಂದರಲ್ಲಿ ಕಲ್ಲು ಕಾಡಿಗೆಯ ಹಾಗೆ, ಇನ್ನೊಂದರಲ್ಲಿ ಹಾಲಿನ ಹಾಗೆ. ಸಾವಕಾರ ನಕ್ಕ. "ನಿನ್ನ ಫೋಟೋನ ಹೇಳತೈತಿ ನೋಡು, ಎರಡೂ ಬ್ಯಾರೆ ಕಲ್ಲು."

"ಸಿದ್ದಲಿಂಗವ್ವ ಕಂಡಾಳ್ರಿ. ಆಕೀನ್ನ ಕೇಳ್ರಿ," ಎಂದು ಸಾಬರು ನನ್ನ ಹೆಸರು ಹೇಳಿದರು.

ಸಾವಕಾರ ನೇರ ನಮ್ಮ ಬಾಗಿಲಿಗೆ ಬಂದ. ನಮ್ಮ ಮಗ್ಗಕ್ಕೆ ನೂಲು ಬರುತ್ತಿದ್ದುದು ಅವನ ಅಂಗಡಿಯಿಂದ. ಯಜಮಾನರು ಒಳಗೆ ಬಂದು, "ನೂಲು ನಿಂತ್ರ ಮಕ್ಕಳು ಉಪಾಸ. ಬಾಯಿ ಬಿಡಬ್ಯಾಡ," ಎಂದರು.

ನಾನು ಹೊರಗೆ ಬಂದು, "ನಾ ಕೈ ಅಷ್ಟ ಕೊಟ್ಟಿದ್ದೆರಿ. ಕಲ್ಲಿನ ಕಡೆ ಲಕ್ಷ್ಯ ಇರಲಿಲ್ಲ," ಎಂದೆ. ಗೌಸಸಾಬರು ಅಲ್ಲೇ ಬೇವಿನ ಗಿಡಕ್ಕೆ ಒರಗಿ ನಿಂತಿದ್ದರು. ನನ್ನ ಮಾತು ಮುಗಿದ ಮೇಲೆ ತಮ್ಮ ಓಣಿಯ ಕಡೆ ಹೋದರು.

ಆಮೇಲೆ ಹಳೆಯ ಕಲ್ಲನ್ನು ಅವರ ಕೈಗೆ ಯಾರೂ ಕೊಡಲಿಲ್ಲ. ಹಿತ್ತಾಳೆ ಉಂಗುರಕ್ಕೆ ಗಾಜು ಕೂರಿಸಿ ಸಂತೆಯಲ್ಲಿ ಮಾರಿದರು. ಅದಕ್ಕಿಂತ ಕೆಟ್ಟದ್ದು ಮನೆಯೊಳಗೆ ಆಯಿತು. "ಸಿದ್ದಲಿಂಗವ್ವ ಯಾಕ ಸುಳ್ಳ ಹೇಳತಾಳ? ಕಲ್ಲು ಏನ್ ಮಾಡಿದ್ರಿ, ಖರೆ ಹೇಳ್ರಿ," ಎಂದು ಫಕೀರಬಿ ಕೇಳುತ್ತಲೇ ಇದ್ದಳಂತೆ. ಕೊನೆಗೆ ಕೇಳುವುದನ್ನೂ ಬಿಟ್ಟಳು, ಊದುಗೊಳವೆ ಮುಟ್ಟುವುದನ್ನೂ ಬಿಟ್ಟಳು. ಸಾಬರು ಒಬ್ಬರೇ ಕೆಮ್ಮುತ್ತ ಊದುವುದು ನಮ್ಮ ಹಿತ್ತಲಿಗೆ ಕೇಳಿಸುತ್ತಿತ್ತು.

ಎಂಬತ್ತೈದರಲ್ಲಿ ನಮ್ಮ ಯಜಮಾನರು ತೀರಿಕೊಂಡರು, ಮಗ್ಗವೂ ನಿಂತಿತು. ಮರುವರ್ಷ ಸಾಬರು ಹಾಸಿಗೆ ಹಿಡಿದರೆಂದು ಕೇಳಿ ಹೋದೆ. ಫಕೀರಬಿ ಚಾಪೆ ಹಾಸಿಕೊಟ್ಟು ಚಹಾ ಇಡಲು ಒಳಗೆ ಹೋದಳು.

"ಅಣ್ಣಾ, ಈಗ ನನಗ ಅಂಜಿಕಿ ಇಲ್ಲ. ಸಾವಕಾರನ ಮನಿಗೆ ಹೋಗಿ ಹೇಳತೀನಿ. ಊರ ಮುಂದ ಹೇಳತೀನಿ," ಎಂದೆ.

ಅವರು ತಲೆ ಅಲ್ಲಾಡಿಸಿದರು.

"ಊರು ಬ್ಯಾಡ ತಂಗಿ. ಆಕಿ ಚಾ ತಗೊಂಡು ಬರತಾಳ. ಆಕಿಗೆ ಹೇಳು. ನಾ ಇಲ್ಲೇ ಕೇಳಕೋತ ಮಕ್ಕೊಂಡಿರತೀನಿ."