ಮೊಗ್ಗಿಗೇ ಕೊಯ್ದ ಸ್ವೀಟ್ ಪೀ

ಊಟಿಯಿಂದ ತಂದ ಸ್ವೀಟ್ ಪೀ ಹೂವಿನ ಬೀಜ ಬನ್ನಂಜೆಯ ನಮ್ಮ ಅಂಗಳದಲ್ಲಿ ಬಳ್ಳಿಯಾಗಿ ಮೊಗ್ಗು ಬಿಟ್ಟಿತ್ತು. ಅದರ ಪರಿಮಳ ಇನ್ನೂ ಕನಸಿನಲ್ಲಷ್ಟೇ ಸುಳಿಯುತ್ತಿತ್ತು. ಅಷ್ಟರಲ್ಲಿ ಕಾರ್ಕಳಕ್ಕೆ ಮದುವೆಗೆ ಹೋಗಬೇಕಾಗಿ, ನೀರು ಹಾಕಲು ನೆರೆಮನೆಯ ಸುಮತಿಯಕ್ಕನಿಗೆ ಹೇಳಿದೆ. ಮರಳಿದಾಗ ಬಳ್ಳಿಯಲ್ಲಿ ಒಂದು ಮೊಗ್ಗೂ ಇಲ್ಲ!

"ಅರಳಿದರೆ ಹಾಳಲ್ವಾ ಸರ್? ಮಲ್ಲಿಗೆಯ ಹಾಗೆ ಮೊಗ್ಗಿಗೇ ಕೊಯ್ದು ಕಟ್ಟಿಟ್ಟಿದ್ದೇನೆ" ಎಂದು ಅವರು ಬಾಳೆಎಲೆಯ ಪೊಟ್ಟಣ ಬಿಚ್ಚಿದರು.

"ಇದು ಬಳ್ಳಿಯಲ್ಲೇ ಅರಳಬೇಕು ಮಾರಾಯ್ರೆ!"

"ಮತ್ತೆ ಮುಡಿಯುವುದು ಯಾವಾಗ?"

ಆದರೆ ಸ್ವೀಟ್ ಪೀಯ ಗುಣವೇ ಹಾಗೆ, ಕೊಯ್ದಷ್ಟೂ ಹೂ ಬಿಡುತ್ತದೆ. ಸ್ವಲ್ಪ ದಿನದಲ್ಲೇ ಅಂಗಳವಿಡೀ ಜೇನಿನಂಥ ಪರಿಮಳದಲ್ಲಿ ತೇಲಿತು. ನಾನು ಕಣ್ಣು ಮುಚ್ಚಿ, ಆ ಪರಿಮಳವನ್ನು ಎದೆತುಂಬ ಎಳೆದುಕೊಂಡು ಉಸಿರು ಹಿಡಿದು ಕೂತಿದ್ದೆ.

"ನಾನು ಕೊಯ್ದದ್ದಕ್ಕೇ ಇಷ್ಟು ಹೂವು!" ಎಂದರು ಸುಮತಿಯಕ್ಕ ಬೇಲಿಯಾಚೆಯಿಂದ.

ನಿಜವೇ. ಒಪ್ಪಿಕೊಳ್ಳಬಹುದಿತ್ತು. ಆದರೆ ಮಾತಾಡಲು ಉಸಿರು ಬಿಡಬೇಕಲ್ಲ, ಅದಕ್ಕೆ ಮನಸ್ಸಾಗಲಿಲ್ಲ.