ಮೂರನೆಯ ಕೂಗಿಗೆ ಎದ್ದು ನಿಂತದ್ದು

ನಮ್ಮೂರು ಸವಣೂರಿನಿಂದ ಹಿರೇಕೆರೂರಿಗೆ ಹೋಗುವವನು ಮೊದಲು ಶಿಗ್ಗಾವಿಯಲ್ಲಿ ಕಾಯಬೇಕು, ಆಮೇಲೆ ಹಾನಗಲ್ಲಿನಲ್ಲಿ ಕಾಯಬೇಕು. ಬಸ್ಸು ಯಾವಾಗ ಬರುತ್ತದೆಂದು ಕೇಳಿದರೆ ಎರಡೂ ಕಡೆ ಸಿಗುವ ಉತ್ತರ ಒಂದೇ: "ಬಂದಾಗ ಬರ್ತೈತ್ರಿ." ಇದು ಉತ್ತರವಲ್ಲ, ನನ್ನ ಪ್ರಶ್ನೆಯನ್ನೇ ಮಗುಚಿ ನನಗೆ ವಾಪಸು ಕೊಡುವುದು ಎಂದು ಹಾನಗಲ್ಲಿನ ನಿಲ್ದಾಣದಲ್ಲಿ ಕೂತವನಿಗೆ ವಿವರಿಸಿದೆ. ಆತ ಪೂರ್ತಿ ಕೇಳಿಸಿಕೊಂಡು, ಬೀಡಿ ಹೊತ್ತಿಸಿ, "ಹಂಗಾರ ಹೊಳ್ಳಿ ಹೋಗ್ರಿ" ಅಂದ.

ಹೊಳ್ಳಿ ಹೋಗಿದ್ದರೆ ಒಳ್ಳೆಯದಿತ್ತು. ಆದರೆ ನಾನು ಹಟಕ್ಕೆ ಹೊರಟವನು. ಅರವತ್ತರ ದಶಕದ ಮೊದಮೊದಲ ವರ್ಷಗಳು, ಧಾರವಾಡದಲ್ಲಿ ಬಿ.ಎ. ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದಕ್ಕಿಂತ ಚರ್ಚಾಸ್ಪರ್ಧೆಗಳಲ್ಲಿ ಮಾತಾಡುತ್ತಿದ್ದೆ ಅನ್ನುವುದು ಸರಿ. ಆ ಸೋಮವಾರದ ವಿಷಯ ಧರ್ಮವು ಮನುಷ್ಯನ ವಿಚಾರಶಕ್ತಿಗೆ ಅಡ್ಡಿಯೇ ಎಂಬುದು. ಅಡ್ಡಿ ಎಂಬ ಪಕ್ಷ ನನ್ನದು. ನನ್ನ ಭಾಷಣವನ್ನು ಮೂರು ಸಲ ಕೇಳಿ ಬೇಸತ್ತಿದ್ದ ಕೋಣೆಯ ಗೆಳೆಯ ಚುಚ್ಚಿದ: "ನೀ ಜನ್ಮದಾಗ ನೋಡಿದ್ದು ನಿಮ್ಮೂರ ಮಠಾ ಒಂದ. ಅದೂ ನಿಮ್ಮಪ್ಪ ಕೈ ಹಿಡಿದು ಎಳಕೊಂಡು ಹೋದಾಗ. ಜಗತ್ತಿನ ಧರ್ಮಕ್ಕೆಲ್ಲಾ ಬೈಯಾಕ ನಿಂತಿ!" ಮಾಸೂರಿನ ಆಚೆ ಹಳೆಯದೊಂದು ಕ್ಯಾಥೋಲಿಕ್ ಚರ್ಚಿದೆ, ಇನ್ನೂರು ವರ್ಷದ್ದಂತೆ, ಎಂದು ಯಾರೋ ಹೇಳಿದ್ದು ನೆನಪಾಯಿತು. ನೋಡಿಕೊಂಡೇ ಬರುತ್ತೇನೆ ಎಂದು ಸವಣೂರಿನ ಮನೆಗೆ ಹೋಗಿ, ಅಲ್ಲಿಂದ ಒಬ್ಬನೇ ಹೊರಟೆ. ಶನಿವಾರ ಸಂಜೆಗೆ ಹಿರೇಕೆರೂರು ಮುಟ್ಟಿ, ಬೇರೆ ಗತಿಯಿಲ್ಲದೆ ಒಂದು ಮಠದ ಜಗಲಿಯ ಮೇಲೆಯೇ ಮಲಗಿದೆ. ಗೆಳೆಯನಿಗೆ ಇದನ್ನು ಇವತ್ತಿಗೂ ಹೇಳಿಲ್ಲ.

ಮರುದಿನ ಬೆಳಿಗ್ಗೆ ಮಾಸೂರಿನಲ್ಲಿ ಇಳಿದು, ಮದಗದ ಕೆರೆಯ ಕಾಲುವೆಯ ದಂಡೆ ಹಿಡಿದು ಒಂದು ತಾಸು ನಡೆದೆ. ಆ ಊರಿನ ಹೆಸರು ಬೇಡ. ನಾನು ಹೇಳಲಿರುವ ಹೆಣ್ಣುಮಗಳು ಇನ್ನೂ ಆ ಕಡೆಯವಳೇ, ಅವಳೊಂದಿಗೆ ಮತ್ತೊಮ್ಮೆ ವಾದಕ್ಕೆ ಇಳಿಯುವ ಧೈರ್ಯ ನನಗಿಲ್ಲ.

ಚರ್ಚು ನೋಡಿ ಮೊದಲು ಸಿಟ್ಟೇ ಬಂತು. ಗೋಪುರವಿಲ್ಲ, ಬಣ್ಣದ ಗಾಜಿಲ್ಲ. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಸುಣ್ಣ, ನಾಡಹೆಂಚು. ಬಾಗಿಲ ಚೌಕಟ್ಟಿನ ಮೇಲೆ ನಮ್ಮ ಬಡಿಗರು ಕೆತ್ತುವಂಥದೇ ಬಾಳೆಗೊನೆ, ಗಿಳಿ. ಶಿಲುಬೆ ಇಲ್ಲದಿದ್ದರೆ ಗೌಡರ ಮನೆ ಅನ್ನಬಹುದಿತ್ತು. ಇದಕ್ಕಾಗಿ ನಾಲ್ಕು ಬಸ್ಸು ಹತ್ತಿದೆನೆ?

ಬಾಗಿಲಲ್ಲಿ ಗಂಟೆ ಬಾರಿಸುವ ಮುದುಕ ನನ್ನ ಮೊಣಕೈ ಹಿಡಿದ. "ಚಪ್ಪಲಿ ಹೊರಗ ಬಿಡ್ರಿ. ಎಲ್ಲಿಂದ ಬಂದ್ರಿ?"

ಇಡೀ ದಾರಿಯ ಕಥೆ ಹೇಳುವ ತಾಳ್ಮೆ ಇರಲಿಲ್ಲ. "ಹಾನಗಲ್ಲಿಂದ" ಅಂದೆ. ಆ ಒಂದು ಮಾತಿನ ಬೆಲೆ ಆಮೇಲೆ ತಿಳಿಯಿತು.

"ಈ ಗುಡಿ ಇನ್ನೂರು ವರ್ಷದ್ದು ಅಂತಾರಲ್ಲ, ಅದಕ್ಕ ಆಧಾರ ಏನು?" ಎಂದು ಕೇಳಿದೆ.

"ನಮ್ಮ ಅಜ್ಜ ಹೇಳ್ಯಾನ್ರಿ."

"ನಿಮ್ಮ ಅಜ್ಜಗ ಯಾರು ಹೇಳಿದ್ರು?"

"ಅವನ ಅಜ್ಜ."

"ಅವನಿಗೆ?"

ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಂವ ಕಟ್ಟಿದವ್ರಿ. ಅವಗ ಯಾರು ಹೇಳಬೇಕು?"

ಪ್ಯಾಂಟು ಹಾಕಿದವನೆಂದು ನನ್ನನ್ನು ಎಳೆದೊಯ್ದು ಗಂಡಸರ ಸಾಲಿನ ಎಲ್ಲಕ್ಕೂ ಮುಂದೆ ಚಾಪೆಯ ಮೇಲೆ ಕೂರಿಸಿದ. ಆಚೆ ಬದಿ ಹೆಂಗಸರು, ತಲೆಯ ಮೇಲೆ ಸೆರಗು. ಪೂಜೆ ಲ್ಯಾಟಿನ್ನಿನಲ್ಲಿ ನಡೆಯಿತು. ಪೂಜೆ ಮಾಡುವ ಸ್ವಾಮಿಗಳು ನಮಗೆ ಬೆನ್ನು ಹಾಕಿ ನಿಂತಿದ್ದರು. ಒಂದು ಅಕ್ಷರ ತಿಳಿಯದ ಭಾಷೆಗೆ ಜನ ಸರಿಯಾದ ಜಾಗದಲ್ಲಿ ಏಳುತ್ತಿದ್ದರು, ಮೊಣಕಾಲೂರುತ್ತಿದ್ದರು. ನಾನು ಪ್ರತಿ ಸಲವೂ ಒಂದು ಗಳಿಗೆ ತಡ. ಕಾಲು ಜೋಮು ಹಿಡಿಯಿತು. ಸೋಮವಾರದ ಭಾಷಣಕ್ಕೆ ಮನಸ್ಸಿನಲ್ಲೇ ಅಂಶಗಳನ್ನು ಜೋಡಿಸುತ್ತ ಕೂತೆ: ತಿಳಿಯದ್ದಕ್ಕೆ ತಲೆಬಾಗುವುದು, ಪ್ರಶ್ನೆಗೆ ಎಡೆಯಿಲ್ಲದಿರುವುದು.

ಅಷ್ಟರಲ್ಲಿ ಸ್ವಾಮಿಗಳು ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಮಾತಾಡಿದರು. ಕರಾವಳಿಯ ಕಡೆಯವರು. ಅವರಲ್ಲಿ ಮದುವೆಗೆ ಮೊದಲು ಮೂರು ಸಲ ಪೂಜೆಯ ನಡುವೆ ವಧೂವರರ ಹೆಸರು ಕೂಗಿ ಹೇಳುವ ಪದ್ಧತಿ ಇದೆ. ಇಂಥ ಹುಡುಗನಿಗೂ ಇಂಥ ಹುಡುಗಿಗೂ ನಾಡಿದ್ದು ಮಂಗಳವಾರ ಮದುವೆ, ಇದು ಮೂರನೆಯ ಹಾಗೂ ಕೊನೆಯ ಕೂಗು ಎಂದು ಹೇಳಿ, "ಈ ಮದುವೆಗೆ ಏನಾದರೂ ಅಡ್ಡಿ ಇರುವುದು ಯಾರಿಗಾದರೂ ಗೊತ್ತುಂಟಾದರೆ ಈಗ ಹೇಳಬೇಕು" ಅಂದರು. ಅಂದವರೇ ಉತ್ತರಕ್ಕೂ ಕಾಯದೆ ಪುಸ್ತಕದ ಹಾಳೆ ತಿರುವಿದರು.

ನನಗೆ ತಡೆಯಲಾಗಲಿಲ್ಲ. ಉತ್ತರ ಬೇಡವಾದರೆ ಕೇಳುವುದೇಕೆ? ಮೂರು ವರ್ಷ ವೇದಿಕೆಯಲ್ಲಿ ಪಳಗಿದ ಕಾಲುಗಳು ತಾವಾಗಿಯೇ ಎದ್ದು ನಿಂತವು.

"ನನ್ನದೊಂದು ಆಕ್ಷೇಪಣೆ ಇದೆ" ಅಂದೆ, ಕೋರ್ಟಿನಲ್ಲಿ ಹೇಳುವಂಥ ಕನ್ನಡದಲ್ಲಿ. "ಹುಡುಗಿಯ ಸಮ್ಮತಿ ಪಡೆಯಲಾಗಿದೆಯೇ ಎಂಬುದು..."

ಮುಂದಿನದನ್ನು ಯಾರೂ ಕೇಳಲಿಲ್ಲ. ಹೆಂಗಸರ ಸಾಲಿನಿಂದ ಒಂದು ಚೀರು ಬಂತು. ಅದು ಹುಡುಗಿಯ ತಾಯಿ. "ನಾ ಮೊದಲ ಹೇಳಿದ್ದೆ! ಹಾನಗಲ್ಲಿನಾಗ ಅವಂಗ ಇನ್ನೊಬ್ಬಾಕಿ ಅದಾಳಂತ ನಾ ಮೊದಲ ಹೇಳಿದ್ದೆ!"

ಹುಡುಗ ಹಾನಗಲ್ಲಿನ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದನಂತೆ, ಮದುವೆಯ ಹಿಂದಿನ ದಿನವಷ್ಟೇ ಬರುವವನಿದ್ದನಂತೆ. ನಾನು ಹಾನಗಲ್ಲಿಂದ ಬಂದವನೆಂದು ಗಂಟೆಯ ಮುದುಕ ಆಗಲೇ ಎರಡು ಸಾಲಿಗೂ ಹೇಳಿಯಾಗಿತ್ತು.

ಸ್ವಾಮಿಗಳು ಪೂಜೆ ಮುಗಿಸಿ ನೇರ ನನ್ನ ಮುಂದೆ ಬಂದು, ಕಾಗದ ಮುಂದಿಟ್ಟರು. "ಅಡ್ಡಿ ಏನು, ಬರೆದು ಕೊಡಿ."

"ಅಡ್ಡಿ ಅಂತ ಅಲ್ರಿ, ಅದು ತತ್ವದ ಪ್ರಶ್ನೆ."

"ತತ್ವಕ್ಕೆ ಮದುವೆ ಅಲ್ಲ ಮಾರಾಯರೇ, ಆ ಹುಡುಗನಿಗೆ ಮದುವೆ. ಅಡ್ಡಿ ಉಂಟಾ, ಇಲ್ಲವಾ?"

"ಇಲ್ಲ."

ಅಷ್ಟಕ್ಕೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಹುಡುಗಿಯ ಸೋದರಮಾವ, ಪೇಟದ ಗಟ್ಟಿ ಆಳು, ನಡುವೆ ಬಂದ. "ಈಗ ಇಲ್ಲ ಅಂತಾನ. ಯಾರೋ ಹೆದರಿಸ್ಯಾರ. ಹಾನಗಲ್ಲಿಂದ ಇಷ್ಟು ದೂರ ಯಾಕ ಬಂದಾನ ಹಂಗಾರ? ಚರ್ಚ್ ನೋಡಾಕಂತ! ಈ ಮಣ್ಣಿನ ಗ್ವಾಡಿ ನೋಡಾಕ ಯಾರರ ಬರ್ತಾರೇನು?" ನಾನು ಬಂದ ಕಾರಣ ಹೇಳಿದಷ್ಟೂ ಅದು ಸುಳ್ಳಿನ ಹಾಗೆ ಕೇಳಿಸುತ್ತಿತ್ತು. ಚರ್ಚಾಸ್ಪರ್ಧೆ ಅಂದೆ. ಅದೇನೆಂದು ಕೇಳಿದರು. ಎದ್ದು ನಿಂತು ಇನ್ನೊಬ್ಬರ ಮಾತಿಗೆ ಅಡ್ಡ ಹೇಳುವುದು ಅಂದೆ. "ಅದಕ್ಕ ಬಹುಮಾನಾ ಕೊಡ್ತಾರೇನ್ರಿ?" ಎಂದು ಮುದುಕ ನಿಜವಾದ ಕುತೂಹಲದಿಂದ ಕೇಳಿದ.

ಸೋದರಮಾವನ ತೀರ್ಪು ಹೀಗಿತ್ತು: ಹಾನಗಲ್ಲಿಗೆ ಆಳು ಕಳಿಸಿ ವಿಚಾರಿಸಬೇಕು, ಅಲ್ಲಿಯವರೆಗೆ ಮದುವೆ ಬೇಡ. ಸ್ವಾಮಿಗಳು ತಲೆ ಹಿಡಿದುಕೊಂಡರು. ಬುಧವಾರ ಅವರ ತಪಸ್ಸುಕಾಲ ಶುರು. ಹಣೆಗೆ ಬೂದಿ ಹಚ್ಚಿಕೊಂಡ ಮೇಲೆ ಈಸ್ಟರ್ ಹಬ್ಬ ಮುಗಿಯುವವರೆಗೆ ಮದುವೆ ಇಲ್ಲ. ಅಷ್ಟು ದಿನದಲ್ಲಿ ಆ ತಾಯಿ ಮನಸ್ಸು ಬದಲಿಸುವುದು ಖಂಡಿತ ಎಂಬುದು ಅವಳ ಮುಖದಲ್ಲೇ ಬರೆದಂತಿತ್ತು.

ಆಗ ಹುಡುಗಿ ಹೆಂಗಸರ ಸಾಲು ದಾಟಿ ಬಂದಳು. ನನಗಿಂತ ಒಂದೆರಡು ವರ್ಷ ಚಿಕ್ಕವಳಿರಬಹುದು. ಕೈಯಲ್ಲಿ ಅರಿಷಿಣದ ಕಲೆ.

"ಹುಡುಗೀನ ಕೇಳಿದ್ರೇನು ಅಂತ ಕೇಳಿದ್ರಲ್ಲ," ಅಂದಳು. "ನೀವು ಕೇಳಿದ್ರೇನ್ರಿ?"

ನಾನು ಬಾಯಿ ತೆರೆದೆ. ಅವಳು ಅವಕಾಶ ಕೊಡಲಿಲ್ಲ.

"ನಮ್ಮವ್ವನ ಒಪ್ಪಿಸಾಕ ಎರಡು ವರ್ಷ ಆತು ನನಗ. ನೀವು ಒಂದು ಮಾತಿಗೆ ಕೆಡಿಸಿದ್ರಿ." ಆಮೇಲೆ ಸೋದರಮಾವನಿಗೂ ಕೇಳಿಸುವಂತೆ ದನಿ ಎತ್ತಿದಳು. "ಆತು, ನನ್ನ ಮದುವಿ ಆಗಾವ್ರು ನಿಮಗ ಗೊತ್ತಿದ್ರ ಹೇಳ್ರಿ. ಅವರದು ಯಾವ ಕಾಲು ಕುಂಟು?"

ಗೊತ್ತಿಲ್ಲ ಅಂದರೆ ಮುಗಿಯುತ್ತಿತ್ತು. ಆದರೆ ಪ್ರಶ್ನೆ ಕೇಳಿಸಿಕೊಂಡು ಗೊತ್ತಿಲ್ಲ ಅನ್ನುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಅಲ್ಲದೆ ಅಷ್ಟೊತ್ತಿಗೆ ತಲೆ ಕೆಟ್ಟಿತ್ತು.

"ಬಲಗಾಲು?" ಅಂದೆ.

ಹೆಂಗಸರ ಸಾಲು ಮೊದಲು ನಕ್ಕಿತು, ಆಮೇಲೆ ಗಂಡಸರದು. ಹುಡುಗನಿಗೆ ಎರಡು ಕಾಲೂ ಸರಿಯಿದ್ದವು. ಕಬಡ್ಡಿಯಲ್ಲಿ ಹೆಸರು ಮಾಡಿದವನಂತೆ. "ನೋಡಿದೇನು ಮಾವಾ?" ಅಂದಳು. "ಇವರು ಅವರ ಮಾರಿ ಕಂಡವರಲ್ಲ." ಸೋದರಮಾವ ಪೇಟ ಸರಿಮಾಡಿಕೊಂಡ. ಇಂಥ ಪಟ್ಟನ್ನು ನನ್ನ ಎದುರಾಳಿಗಳಲ್ಲಿ ಒಬ್ಬನೂ ಹಾಕಿರಲಿಲ್ಲ.

ಆಕ್ಷೇಪಣೆ ಎತ್ತಿದ ಜಾಗದಲ್ಲೇ ಹಿಂತೆಗೆದುಕೊಳ್ಳಬೇಕೆಂದು ಸ್ವಾಮಿಗಳು ಹಟ ಹಿಡಿದರು. ನಾಲ್ಕು ಸಾಲು ಬರೆದು, ಸಹಿ ಮಾಡಿ, ಎಲ್ಲರೆದುರು ಓದಿದೆ. ನನಗೆ ವಿರುದ್ಧವಾಗಿ ನಾನೇ ಮಾತಾಡಿದ್ದು ಅದೇ ಮೊದಲು. ಆಮೇಲೆ ಚೀಲ ಹೆಗಲಿಗೇರಿಸಿದರೆ ಸೋದರಮಾವ ಬಾಗಿಲಿಗೆ ಅಡ್ಡ ನಿಂತ.

"ಎಲ್ಲಿಗ್ರಿ? ಈಗ ನೀವು ಹಾನಗಲ್ಲಿನ ಬಸ್ ಹತ್ತಿದ್ರ, ಆ ಇನ್ನೊಬ್ಬಾಕಿನ್ನ ಕರಕೊಂಡು ಬರಾಕ ಹ್ವಾದ ಅಂತಾಳ ನಮ್ಮಕ್ಕ. ಮಂಗಳವಾರದ ಮಟಾ ಕಣ್ಣೆದುರು ಇರ್ರಿ."

"ಇನ್ನೊಬ್ಬಾಕಿ ಅಂತ ಯಾರೂ ಇಲ್ರಿ!"

"ಅದು ನಮಗ ಗೊತ್ತೈತಿ. ನಮ್ಮಕ್ಕಗ ಗೊತ್ತಿಲ್ಲ."

ಇದಕ್ಕೆ ಯಾವ ತರ್ಕಶಾಸ್ತ್ರದಲ್ಲಿ ಉತ್ತರವಿದೆ? ಎರಡು ದಿನ ಗಂಟೆಯ ಮುದುಕನ ಮನೆಯಲ್ಲಿ ಉಳಿದೆ. ಮದುವೆ ಮನೆಯಲ್ಲಿ ಬುಟ್ಟಿಗಟ್ಟಲೆ ಬಳ್ಳೊಳ್ಳಿ ಸುಲಿದೆ. ಸುಲಿಯುತ್ತಿದ್ದಾಗ ಬಂದ ಹೆಂಗಸರೆಲ್ಲ "ಯಾವ ಕಾಲ್ರಿ?" ಎಂದು ಕೇಳಿ ಹೋಗುತ್ತಿದ್ದರು. ಧಾರವಾಡದಲ್ಲಿ ನನ್ನ ಬದಲಿಗೆ ಕೋಣೆಯ ಗೆಳೆಯ, ನನ್ನದೇ ಭಾಷಣವನ್ನು ಓದಿ, ಎರಡನೆಯ ಬಹುಮಾನ ತಂದಿದ್ದ.

ಮಂಗಳವಾರ ಮತ್ತೆ ಅದೇ ಚಾಪೆ, ಅದೇ ಲ್ಯಾಟಿನ್, ಅದೇ ಜೋಮು. ಹುಡುಗಿಯ ತಾಯಿ ದೇವರನ್ನು ಬಿಟ್ಟು ನನ್ನನ್ನೇ ನೋಡುತ್ತ ಕೂತಿದ್ದಳು. ಸ್ವಾಮಿಗಳು ಕನ್ನಡಕ್ಕೆ ಬಂದರು. ಮೊದಲು ಹುಡುಗನನ್ನು, ಆಮೇಲೆ ಹುಡುಗಿಯನ್ನು ಹೆಸರು ಹಿಡಿದು ಕೇಳಿದರು: ಈತನನ್ನು ನಿನ್ನ ಗಂಡನಾಗಿ ಒಪ್ಪಿಕೊಳ್ಳುತ್ತೀಯಾ? ಹಾಗಾದರೆ ಕೇಳುವ ಪದ್ಧತಿ ಇತ್ತು. ನೂರು ಜನರೆದುರು, ಉತ್ತರಕ್ಕೆ ಕಾಯುತ್ತ, ಕೇಳುತ್ತಿದ್ದರು. ಭಾನುವಾರ ಇದನ್ನು ನನಗೆ ಒಬ್ಬರಾದರೂ ಹೇಳಬಾರದಿತ್ತೆ?

ಹುಡುಗಿ ಸೆರಗು ಸ್ವಲ್ಪ ಸರಿಸಿ, ಕತ್ತು ತಿರುಗಿಸಿ, ಗಂಡಸರ ಮೊದಲ ಸಾಲಿನ ಕಡೆ, ನನ್ನ ಕಡೆ, ನೋಡಿದಳು. ಆಗಲೇ ಪಕ್ಕದಲ್ಲಿ ಕೂತಿದ್ದ ಗಂಟೆಯ ಮುದುಕ ನನ್ನ ಅಂಗಿಯ ಹಿಂಬದಿಯನ್ನು ಮುಷ್ಟಿಯಲ್ಲಿ ಹಿಡಿದು ಕೆಳಕ್ಕೆ ಜಗ್ಗಿದ.

"ಏಳಬ್ಯಾಡ್ರಿ" ಅಂದ.

"ಏಳಾಕತ್ತಿಲ್ಲ" ಅಂದೆ.

"ಒಪ್ಪೇನಿ" ಅಂದಳು ಅವಳು, ಹೊರಗೆ ಚಪ್ಪಲಿ ಕಾಯುತ್ತಿದ್ದವರಿಗೂ ಕೇಳಿಸುವ ಹಾಗೆ. ಉಂಗುರ ಬದಲಾಗಿ, ತಾಳಿ ಕಟ್ಟಿ, ಗಂಟೆ ಬಾರಿಸುವ ಹೊತ್ತು ಬರುವವರೆಗೂ ಮುದುಕ ನನ್ನ ಅಂಗಿ ಬಿಡಲಿಲ್ಲ.